ಮೂರು ಸಲ ಕೇಳಬೇಕೆಂಬ ನಿಯಮ

…ಅಲ್ಲ ಗುಬ್ಬೀ, ಇದನ್ನೂ ಪೇಪರಿನ ಮೊದಲನೇ ಪುಟದಲ್ಲಿ ಹಾಕ್ತಾರಲ್ಲ, ಇವರಿಗೆ ಏನು ಹೇಳೋಣ! ಕೇಳು, ಇನ್ನೊಂದು ಸಲ ಓದ್ತೀನಿ. ‘ಮನೆಯೊಳಗಿನ ಮಾತುಕತೆಯನ್ನು ತನ್ನ ಸಿಬ್ಬಂದಿ ಆಲಿಸಿದ್ದು ನಿಜವೆಂದು ಒಪ್ಪಿಕೊಂಡ ಕಂಪನಿ.’ ಒಪ್ಪಿಕೊಂಡಿತಂತೆ! ದೊಡ್ಡ ಮನಸ್ಸು! ಯಾಕಪ್ಪಾ ಆಲಿಸಿದ್ರಿ ಅಂದ್ರೆ, ‘ಸೇವೆಯ ಗುಣಮಟ್ಟ ಹೆಚ್ಚಿಸುವ ಸಲುವಾಗಿ.’ ಆಹಾ! ಹಾಲು ಕುಡಿದ ಬೆಕ್ಕು, ನಾನು ಪಾತ್ರೆ ತೊಳೀತಾ ಇದ್ದೆ ಅಂದ ಹಾಗಾಯ್ತು.

ಯಾಕೆ ನಗ್ತೀಯ? ನಗೋ ವಿಷಯ ಅಲ್ಲ ಇದು. ಗಂಡ ಹೆಂಡತಿ ಕಿತ್ತಾಡೋದು, ಮಗು ರಚ್ಚೆ ಹಿಡಿಯೋದು, ಯಾರೋ ಮುದುಕ ಒಬ್ಬನೇ ಕೂತು ಗೊಣಗೋದು, ಎಲ್ಲವನ್ನೂ ಇನ್ಯಾರೋ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೇಳಿದ್ದಾರೆ. ಕೇಳಿ ಬರೆದುಕೊಂಡಿದ್ದಾರೆ… ಏನಂದೆ? ಇಬ್ಬರು ಮುದುಕಿಯರ ಜಗಳವನ್ನೂ ಕೇಳಿರ್ತಾರೆ ಅಂದ್ಯಾ? ನಾವು ಯಾವತ್ತು ಜಗಳ ಆಡಿದ್ದೀವಿ? ಅದು ಜಗಳ ಅಲ್ಲ, ಅದು ತಿದ್ದೋದು. ತೊಳೆದ ಬಟ್ಟಲನ್ನ ಬೋರಲು ಹಾಕಬೇಕು ಅಂತ ನಲವತ್ತು ವರ್ಷದಿಂದ ಹೇಳ್ತಾ ಇದ್ದೀನಿ. ನೀನು ಮಾತ್ರ ಆಕಾಶ ನೋಡೋ ಹಾಗೆ ಇಡ್ತೀಯ. ಈಗಲೂ ನೋಡು, ಒರೆಸಿದ್ದನ್ನೇ ಒರೆಸ್ತಾ ಇದ್ದೀಯ. ಒಂದು ಕಣ್ಣು ಬಟ್ಟಲ ಮೇಲೆ, ಇನ್ನೊಂದು ಕಣ್ಣು ಆ ಫೋನಿನ ಮೇಲೆ.

ಹೂಂ, ಹೂಂ, ಗೊತ್ತು, ನೀನು ಯಾಕೆ ನಕ್ಕಿದ್ದು ಅಂತ. ಅಕ್ಕನೂ ಮೂವತ್ತೊಂದು ವರ್ಷ ಅದೇ ಕೆಲಸ ಮಾಡಿದವಳು ಅಂತ ತಾನೇ? ತಪ್ಪು. ಶುದ್ಧ ತಪ್ಪು. ಊರಿಂದೂರಿಗೆ ಕೈಯಿಂದ ಫೋನ್ ಲೈನ್ ಜೋಡಿಸ್ತಿದ್ದ ನಮ್ಮ ಟ್ರಂಕ್ ಎಕ್ಸ್‌ಚೇಂಜು ಎಲ್ಲಿ, ಈ ಕಂಪನಿ ಎಲ್ಲಿ! ನಾವು ಕೆಲಸಕ್ಕೆ ಸೇರಿದ ದಿನ ಎದ್ದು ನಿಂತು ಪ್ರಮಾಣ ಮಾಡಿದವರು. ‘ನನ್ನ ಕಿವಿಗೆ ಬಿದ್ದ ಮಾತು ನನ್ನ ಬಾಯಿಗೆ ಬಾರದು.’ ಇಡೀ ಊರಿನ ಗುಟ್ಟು ನಮ್ಮ ಕೈಬೆರಳಲ್ಲಿತ್ತು. ಯಾವ ಡಾಕ್ಟರು ಯಾರಿಗೆ ಫೋನ್ ಮಾಡ್ತಾನೆ, ಯಾವ ವಕೀಲನ ಮನೆಗೆ ಯಾವ ಹೊತ್ತಿನಲ್ಲಿ ಗಂಟೆ ಬಾರಿಸುತ್ತೆ, ಎಲ್ಲ ಗೊತ್ತು. ಒಂದಾದ್ರೂ ಹೊರಗೆ ಹೋಯ್ತಾ? ಹದಿನಾರು ಹುಡುಗಿಯರು ನನ್ನ ಕೈಕೆಳಗೆ. ಒಬ್ಬಳಾದ್ರೂ ಊಟದ ಮನೆಯಲ್ಲಿ ಬಾಯಿ ಬಿಟ್ಟಿದ್ರೆ ಅವತ್ತೇ ಅವಳ ಕುರ್ಚಿ ಖಾಲಿ ಮಾಡಿಸಿರ್ತಿದ್ದೆ.

ಕೇಳೋಕೆ ಕೀ ಇತ್ತು. ಇತ್ತು, ಇಲ್ಲ ಅಂದ್ನಾ? ಮೇಲ್ವಿಚಾರಕಿಯ ಮೇಜಿನಲ್ಲಿ ಒಂದು ಕೀ, ಅದನ್ನ ಹಿಂದಕ್ಕೆ ಎಳೆದ್ರೆ ಯಾವ ಲೈನ್ ಬೇಕಾದ್ರೂ ಕೇಳಬಹುದು. ಅದು ‘ಸೇವಾ ಪರಿಶೀಲನೆ’, ನಿಯಮದ ಪುಸ್ತಕದಲ್ಲಿ ಅಚ್ಚಾಗಿದೆ. ಲೈನ್ ಸ್ಪಷ್ಟವಾಗಿದೆಯಾ, ಹುಡುಗಿ ಮರ್ಯಾದೆಯಿಂದ ಮಾತಾಡಿದ್ಲಾ, ಅಷ್ಟು ನೋಡೋಕೆ. ಮೂರು ಸೆಕೆಂಡು… ಮತ್ತೆ ನಗ್ತೀಯ! ಸೇವೆಯ ಗುಣಮಟ್ಟ ಬೇರೆ, ಸೇವಾ ಪರಿಶೀಲನೆ ಬೇರೆ ಗುಬ್ಬೀ. ಪದ ಹತ್ತಿರ ಇದ್ದ ಮಾತ್ರಕ್ಕೆ ಮನುಷ್ಯರು ಹತ್ತಿರ ಆಗಿಬಿಡ್ತಾರಾ?

ನಮಗೆ ಶಿಸ್ತಿತ್ತು. ಕಾನ್ವೆಂಟಿನಲ್ಲಿ ಮದರ್ ನನಗೆ ನಾಲಗೆ ತಿದ್ದಿದವರು. ಉದ್ದಗೆರೆ ಎಳೆಯೋ ಹಾಗೆ ಮಾತಾಡಬೇಕು, ಎಲ್ಲೂ ನಡುಗಬಾರದು, ಎಲ್ಲೂ ನಗಬಾರದು. ಅದನ್ನೇ ನಾನು ನನ್ನ ಹುಡುಗಿಯರಿಗೆ ಕಲಿಸಿದ್ದು. ಹದಿನಾರು ಗಂಟಲು, ಒಂದೇ ದನಿ! ನೆನಪಿದೆಯಾ, ಅಪ್ಪ ಒಂದು ಸಲ ಆಫೀಸಿನಿಂದ ಟ್ರಂಕ್ ಕಾಲ್ ಬುಕ್ ಮಾಡಿದ್ರು, ನಾನೇ ತೆಗೆದುಕೊಂಡೆ. ‘ಯಾವ ನಂಬರು ಬೇಕು ಹೇಳಿ’ ಅಂದೆ. ಹೆತ್ತ ಅಪ್ಪ, ಗುರುತು ಹಿಡೀಲಿಲ್ಲ! ‘ಸ್ವಲ್ಪ ಬೇಗ ಕೊಡಿ ತಾಯಿ’ ಅಂದ್ರು. ಮನೆಗೆ ಬಂದು ಹೇಳಿದಾಗ ಎಷ್ಟು ನಕ್ಕಿದ್ರು… ಅದು ಶಿಸ್ತು. ಮಾತಿನ ನಡುವೆ ಲೈನ್ ಸದ್ದಿಲ್ಲದೆ ನಿಂತುಬಿಟ್ರೆ, ಈಗಿನ ಹಾಗೆ ಟಪ್ ಅಂತ ಕಡಿಯೋ ಹಾಗಿರಲಿಲ್ಲ. ‘ಮಾತಾಡ್ತಿದ್ದೀರಾ?’ ಅಂತ ಕೇಳಬೇಕು. ಹತ್ತು ಎಣಿಸಿ ಇನ್ನೊಂದು ಸಲ, ‘ಮಾತಾಡ್ತಿದ್ದೀರಾ?’ ಮೂರು ಸಲ ಕೇಳಬೇಕು. ಮೂರನೇ ಸಲಕ್ಕೂ ಉತ್ತರ ಇಲ್ಲ ಅಂದ್ರೆ ಆಮೇಲೆ ಪ್ಲಗ್ ಎಳೆದು ಲೈನ್ ಕಡೀಬೇಕು. ಅದಕ್ಕೆ ಮೊದಲು ಇಲ್ಲ. ಮೂರು ಸಲ ಕೇಳೋ ಸೌಜನ್ಯ ಇವತ್ತು ಯಾವ ಕಂಪನಿಗಿದೆ ಹೇಳು?

ಸರಿ, ಮುಂದಿನದು ಕೇಳು, ಇದು ಇನ್ನೂ ಸೊಗಸಾಗಿದೆ. ಐದನೇ ಪುಟ. ಒಂದು ಜಾಲತಾಣ, ಅಲ್ಲಿ ಜನ ಬರೆದದ್ದು ಇವರಿಗೆ ಹಿಡಿಸದೆ ಹೋದ್ರೆ ಅಳಿಸೋದಿಲ್ಲವಂತೆ. ಅಳಿಸಿದ್ರೆ ಬರೆದವನು ಕೂಗಾಡ್ತಾನಲ್ಲ! ಅದಕ್ಕೆ ಮರೆಮಾಡ್ತಾರಂತೆ. ಬರೆದವನ ಪರದೆ ಮೇಲೆ ಅವನ ಮಾತು ಹಾಗೇ ಇರುತ್ತೆ, ಉಳಿದವರ ಯಾರ ಕಣ್ಣಿಗೂ ಬೀಳೋದಿಲ್ಲ. ಆ ಪೆದ್ದ ದಿನಾ ಬರೀತಾ ಇರ್ತಾನೆ, ದಿನಾ ಕಾಯ್ತಾ ಇರ್ತಾನೆ, ಯಾಕೆ ಯಾರೂ ಉತ್ತರ ಕೊಡಲ್ಲ ಅಂತ. ಎಂಥ ನೀಚ ಬುದ್ಧಿ ನೋಡು! ಬರೆದವನಿಗೆ, ತಲುಪಿತು ಅನ್ನೋ ಭ್ರಮೆ. ಓದಬೇಕಾದವರಿಗೆ, ಅವನು ಬರೆದೇ ಇಲ್ಲ ಅನ್ನೋ ಭ್ರಮೆ. ನಡುವೆ ಒಬ್ಬರು ಕೂತುಕೊಂಡು… ಕೂತುಕೊಂಡು…

ಏನಿಲ್ಲ. ಕನ್ನಡಕ ಮಂಜಾಗಿದೆ. ಆ ಬಟ್ಟೆ ಕೊಡು ಇಲ್ಲಿ.

ಬರೆಯೋರೂ ಸಾಚಾಗಳೇನಲ್ಲ ಬಿಡು. ಬೆಳಿಗ್ಗೆ ಎದ್ದೆ, ಹಲ್ಲುಜ್ಜಿದೆ, ನನ್ನ ನಾಯಿ ಸೀನಿತು. ಇದನ್ನ ಲೋಕಕ್ಕೆಲ್ಲ ಹೇಳೋದು, ಆಮೇಲೆ ನನ್ನ ಖಾಸಗಿತನ ಹೋಯ್ತು ಅಂತ ಬೀದಿಯಲ್ಲಿ ಎದೆ ಬಡಿದುಕೊಳ್ಳೋದು. ಬಾಗಿಲು ತೆಗೆದಿಟ್ಟು ಸ್ನಾನ ಮಾಡಿ, ನೋಡಿದವನು ಕೆಟ್ಟವನು ಅನ್ನೋ ಜಾತಿ! ಸರಕಾರ ಅದನ್ನ ಮುಚ್ಚಿ ಅನ್ನುತ್ತೆ, ಕಂಪನಿ ಇದನ್ನ ತೆಗೀತೀವಿ ಅನ್ನುತ್ತೆ, ಇಬ್ಬರೂ ಹೇಳೋದು ಒಂದೇ ಮಾತು, ‘ನಿಮ್ಮ ಒಳ್ಳೆಯದಕ್ಕೆ.’ ನಮ್ಮ ಒಳ್ಳೆಯದು ಇವರಿಗೆ ಯಾರು ಗುತ್ತಿಗೆ ಕೊಟ್ರು? ಬೇಲಿಯೇ ಎದ್ದು ಹೊಲ ಮೇಯೋ ಕಾಲ. ಹೊಲ ಬೇರೆ ಬೇಲಿಗೆ ಥ್ಯಾಂಕ್ಸ್ ಹೇಳಬೇಕು!

ಅದಕ್ಕೇ ಹೇಳಿದ್ದು ನಾನು, ಈ ಮೊಬೈಲ್ ಪೆಟ್ಟಿಗೆ ಮನೆಗೆ ಬೇಡ ಅಂತ. ತಮ್ಮನ ಮಗಳು ತಂದುಕೊಟ್ಲು, ನೀನು ಹಲ್ಲು ಬಿಟ್ಟು ಇಸಿದುಕೊಂಡೆ. ಅರವತ್ತೈದು ವಯಸ್ಸಿನಲ್ಲಿ! ನನಗಾದ್ರೆ ಅದನ್ನ ಯಾವ ಕಡೆಯಿಂದ ಹಿಡಿಯೋದು ಅಂತಾನೂ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಬೀಗ ಹಾಕಿಡಿ ಚಿಕ್ಕತ್ತೆ, ನಾಲ್ಕು ಅಂಕಿ ಇಟ್ಟುಕೊಳ್ಳಿ ಅಂತ ಆ ಹುಡುಗಿ ಬಡಕೊಂಡ್ಲು. ನೀನು ಏನಂದೆ? ‘ಮನೇಲಿರೋದು ಅಕ್ಕ ಒಬ್ಬಳು, ಯಾರಿಗೋಸ್ಕರ ಬೀಗ?’ ಅಂದೆ… ಹೂಂ. ಅಂದೆ ನೀನು. ನಾನು ಪಕ್ಕದಲ್ಲೇ ಇದ್ದೆ.

ಎರಡು ತಿಂಗಳು ಚೆನ್ನಾಗೇ ಇತ್ತು. ಹವಾಮಾನ ನೋಡ್ತಿದ್ದೆ, ಹಳೇ ಹಾಡು ಕೇಳ್ತಿದ್ದೆ. ಸರಿ, ಹಾಳಾಗ್ಲಿ ಅಂದುಕೊಂಡೆ. ಆಮೇಲೆ ಹೋದ ಶುಕ್ರವಾರ ಬಂತಲ್ಲ ಅವನ ಸವಾರಿ! ನಲವತ್ತೊಂದು ವರ್ಷ ಆದಮೇಲೆ! ನೀನು ಸ್ನಾನಕ್ಕೆ ಹೋಗಿದ್ದೆ, ಅದು ಇದೇ ಮೇಜಿನ ಮೇಲೆ ಗುರ್ ಅಂತು, ಬೆಳಕಾಯ್ತು, ಕಣ್ಣಿಗೆ ಬಿತ್ತು. ನಾನು ಓದೋಕೆ ಹೋಗಲಿಲ್ಲ, ಅದೇ ಬಂದು ಕಣ್ಣಿಗೆ ಬಿತ್ತು. ‘ಟೈಪಿಂಗ್ ಶಾಲೆಯ ಟೀಚರ್ ಇವರೇನಾ? ನಿಮ್ಮ ಕೆಂಪು ಮುಚ್ಚಳದ ಮೆಷಿನ್ನನ್ನ ಈಗ ಯಾರು ನೋಡಿಕೊಳ್ತಾರೆ?’ ಅಬ್ಬಬ್ಬಾ, ಏನು ಕಾಳಜಿ! ಮೆಷಿನ್ ಬಗ್ಗೆ! ಟೈಪ್‌ರೈಟರ್ ರಿಪೇರಿಯವನು ಟೈಪ್‌ರೈಟರ್ ರಿಪೇರಿಯವನೇ. ಅಜ್ಜ ಆದ್ರೂ ಉಗುರಿನ ಕಪ್ಪು ಹೋಗಿರಲ್ಲ.

ಕೋಪ ಮಾಡಿಕೊಳ್ಳಬೇಡ. ಸತ್ಯ ಹೇಳ್ತಾ ಇದ್ದೀನಿ. ಪೂರ್ತಿ ಒಂದು ದಿನ ಯೋಚನೆ ಮಾಡಿದೆ ನೀನು, ನಾನು ನೋಡಲಿಲ್ಲವಾ? ಶನಿವಾರ ಇಡೀ ದಿನ ಟೈಪ್ ಮಾಡೋದು, ಅಳಿಸೋದು. ನಿಮಿಷಕ್ಕೆ ಅರವತ್ತು ಪದ ಹೊಡೀತಿದ್ದವಳು! ಭಾನುವಾರ ಬೆಳಿಗ್ಗೆ ಕಳಿಸಿದ್ದು ಎರಡು ಸಾಲು. ‘ಹೌದು, ನಾನೇ. ಚೆನ್ನಾಗಿದ್ದೀನಿ. ನೀವು?’… ನೀನೇ ನನಗೆ ಓದಿ ಹೇಳಿದ್ದಲ್ವಾ, ಕಾಫಿ ಕುಡೀತಾ. ನಾನೇನೂ ಕದ್ದು ನೋಡಲಿಲ್ಲ. ಇವತ್ತು ಗುರುವಾರ. ಬಂತಾ ಉತ್ತರ? ನಾಲ್ಕು ದಿನ ಆಯ್ತು, ಬಂತಾ?

ಬರಲ್ಲ. ನಾನು ಭಾನುವಾರವೇ ಹೇಳಿದೆ, ಬರಲ್ಲ ಅಂತ. ಅವನ ಗುಣವೇ ಅದು. ಬಾಗಿಲು ಬಡಿಯೋದು, ತೆಗೆಯೋ ಹೊತ್ತಿಗೆ ಓಡಿಹೋಗೋದು. ಅವತ್ತೂ ಹಾಗೇ ಮಾಡಿದ, ಇವತ್ತೂ ಹಾಗೇ ಮಾಡಿದ. ಅದಕ್ಕೆ ಹೇಳ್ತೀನಿ, ಆ ಫೋನನ್ನ ಒರೆಸಿ ಡಬ್ಬಿಗೆ ಹಾಕಿ ಹುಡುಗಿಗೆ ವಾಪಸ್ಸು ಕಳಿಸು. ಹತ್ತು ನಿಮಿಷಕ್ಕೊಮ್ಮೆ ಅದರ ಮುಖ ನೋಡ್ತೀಯ, ನನ್ನ ಕೈಲಿ ನೋಡೋಕಾಗಲ್ಲ. ಔಷಧಿ ಅಂಗಡಿ ಬೆಂಚಿನ ಮೇಲೆ ಕೂತಿದ್ಯಲ್ಲ ಅವತ್ತು, ಅದೇ ಮುಖ.

ಸರಿ, ನಾನು ಅದನ್ನ ಎತ್ತಬಾರದಿತ್ತು. ಎತ್ತಿದ್ದಾಯ್ತು. ಮುಗಿಸಿಯೇಬಿಡ್ತೀನಿ. ನಿನಗೆ ಯಾರೂ ಹೇಳಲ್ಲ, ನಾನೇ ಹೇಳಬೇಕು. ಆಗ ಅಪ್ಪ ಹೋಗಿ ಮೂರು ವರ್ಷ ಆಗಿತ್ತು. ಅಮ್ಮನಿಗೆ ಎಡಗಡೆ ಪೂರ್ತಿ ಬಿದ್ದುಹೋಗಿತ್ತು. ಹೊರಳಿಸೋಕೂ ಇಬ್ಬರು ಬೇಕು. ತಮ್ಮ ಹೆಂಡತಿ ಮನೆ ಸೇರಿಕೊಂಡಿದ್ದ. ನನ್ನದು ಎಕ್ಸ್‌ಚೇಂಜಿನ ಪಾಳಿ, ಒಂದು ವಾರ ಹಗಲು, ಒಂದು ವಾರ ಸಂಜೆ. ನೀನು ಬೆಳಿಗ್ಗೆ ಎರಡು ಗಂಟೆ ಹೊತ್ತು ಟೈಪಿಂಗ್ ಶಾಲೆ ಮುಗಿಸಿ ಬಂದು ಅಮ್ಮನ ಹತ್ತಿರ ಕೂರೋಳು. ಅಂಥ ಹೊತ್ತಿನಲ್ಲಿ ಇವನು! ಸ್ಕ್ರೂಡ್ರೈವರ್ ಹಿಡಿದು ಶಾಲೆಗೆ ಬರೋದು, ಹತ್ತು ಮೆಷಿನ್ ಇದ್ರೂ ನಿನ್ನದೇ ಮೆಷಿನ್ ಕೆಡೋದು! ಬಂದರಿನ ಊರಿಗೆ ಹೋಗ್ತೀನಿ, ಅಂಗಡಿ ಹಾಕ್ತೀನಿ, ಇರೋಕೆ ಜಾಗ ಸಿಕ್ಕಿದ್ರೆ ಗುರುವಾರ ಹತ್ತರಿಂದ ನಾಲ್ಕರ ಒಳಗೆ ನಿಮ್ಮ ಮನೆ ಕೆಳಗಿನ ಔಷಧಿ ಅಂಗಡಿಗೆ ಟ್ರಂಕ್ ಕಾಲ್ ಮಾಡ್ತೀನಿ, ಯಾವ ರೈಲು ಅಂತ ಹೇಳ್ತೀನಿ, ಹೊರಟು ಬಾ. ಕಾಲ್ ಬರಲಿಲ್ಲ ಅಂದ್ರೆ ಏನೂ ಆಗಲಿಲ್ಲ ಅಂತ ತಿಳ್ಕೋ. ಹೀಗೆ ತಾನೇ ಮಾತಾಗಿದ್ದು, ಹಿಂದಿನ ರಾತ್ರಿ ನೀನೇ ನನಗೆ ಹೇಳಿದ್ದು? ಎಂಥ ಒಪ್ಪಂದ! ಮಕ್ಕಳ ಆಟ.

ನೀನು ಅಮ್ಮನ ಹತ್ತಿರ ಪಕ್ಕದ ಮನೆಯವರನ್ನ ಕೂರಿಸಿ, ಹತ್ತಕ್ಕೆ ಶೂ ಹಾಕಿಕೊಂಡು ಕೆಳಗೆ ಹೋಗಿ ಕೂತೆಯಂತೆ. ಬೆಂಚಿನ ಕೆಳಗೆ ಕೆಂಪು ಮುಚ್ಚಳದ ಮೆಷಿನ್ನು, ಒಂದು ಸಣ್ಣ ಚೀಲ. ಅಂಗಡಿಯವರ ಹೆಂಡತಿ ನನಗೆ ಆಮೇಲೆ ಹೇಳಿದ್ರು. ಎರಡು ಸಲ ಟೀ ಕೊಟ್ರಂತೆ, ಎರಡೂ ಆರಿಹೋಯ್ತಂತೆ. ನಾಲ್ಕೂವರೆಗೆ ಮೇಲೆ ಬಂದು ಶೂ ಬಿಚ್ಚಿ ಅಮ್ಮನ ಮೈ ಒರೆಸೋಕೆ ನೀರು ಕಾಯಿಸಿದೆ. ಅಳಲಿಲ್ಲ. ಆರು ಗಂಟೆಗೆ ನಾನು ಬಂದಾಗ ಒಂದೇ ಒಂದು ಮಾತು ಕೇಳಿದೆ, ‘ಇವತ್ತು ಲೈನ್‌ಗಳು ಸರಿ ಇದ್ವಾ ಅಕ್ಕ?’ ಅಂತ. ನಾನು ಏನಂದೆ? ‘ಬೆಳಿಗ್ಗೆಯಿಂದ ಸ್ಪಷ್ಟವಾಗಿತ್ತು. ಕಾಲ್ ಬುಕ್ ಮಾಡಿದ ಚೀಟಿಗಳನ್ನೆಲ್ಲ ನಾನೇ ತಿರುವಿ ನೋಡಿದ್ದೀನಿ, ನಿನ್ನ ಹೆಸರಿಗೆ ಒಂದೂ ಇರಲಿಲ್ಲ’ ಅಂದೆ. ಸುತ್ತಿಬಳಸಿ ಹೇಳಲಿಲ್ಲ. ನೋವಾದ್ರೂ ನೇರ ಹೇಳಿಬಿಡಬೇಕು, ಅದು ನನ್ನ ಪದ್ಧತಿ.

ಹಾಗೆ ನೋಡಬೇಡ ನನ್ನ. ನಾನೇ ಅವನನ್ನ ಓಡಿಸಿದ ಹಾಗೆ! ಒಳ್ಳೇದೇ ಆಯ್ತು ನಿನಗೆ. ಹೋಗಿದ್ರೆ ಏನು ಸುಖ ಸುರಿದುಬೀಳ್ತಿತ್ತು? ನಾಲ್ಕು ಹತ್ತರ ರೈಲು ಹತ್ತಿ, ಇಡೀ ರಾತ್ರಿ ಕೂತುಕೊಂಡೇ ಹೋಗಿ, ಬೆಳಿಗ್ಗೆ ಬಂದರಿನಲ್ಲಿ ಇಳಿದು, ಹಗ್ಗ ಮಾರೋ ಅಂಗಡಿಯ ಮೇಲೆ ಒಂದೇ ಒಂದು ಕೋಣೆ! ಕಿಟಕಿ ತೆಗೆದ್ರೆ ಹಡಗು ಕಾಣುತ್ತಂತೆ, ಅದೇ ದೊಡ್ಡ ಆಸ್ತಿ! ಮೆಷಿನ್ ಇಟ್ಟುಕೊಳ್ಳೋಕೆ ಕಿಟಕಿ ಹತ್ತಿರ ಅವಳ ಎತ್ತರಕ್ಕೆ ಸರಿಯಾಗಿ ಮೇಜು ಮಾಡಿಸಿದ್ದೀನಿ ಅಂತ ಕೊಚ್ಚಿಕೊಳ್ಳೋದು ಬೇರೆ! ಹಡಗು ನೋಡಿದ್ರೆ ಹೊಟ್ಟೆ ತುಂಬುತ್ತಾ? ಟಾರಿನ ವಾಸನೆ, ಮೀನಿನ ವಾಸನೆ, ಅದರ ನಡುವೆ ಕೂತು ಟಕಟಕ ಅಂತ…

ಯಾಕೆ ಬಟ್ಟಲು ಕೆಳಗಿಟ್ಟೆ?

ಏನು? ಏನಾಯ್ತು? ಏನು ಹೇಳಿದೆ ನಾನು ಈಗ? ಬಂದರಿನಲ್ಲಿ ಮೀನಿನ ವಾಸನೆ ಇರಲ್ವಾ? ಯಾವ ಬಂದರಿನಲ್ಲಾದ್ರೂ ಇರುತ್ತೆ.

…ಮೇಜು? ಮೇಜಿಗೇನೀಗ? ನೀನೇ ಹೇಳಿದ್ದಲ್ವಾ ಯಾವಾಗಲೋ. ಹೇಳಿದ್ದೆ. ಅಮ್ಮ ತೀರಿಕೊಂಡ ವರ್ಷ… ಇಲ್ವಾ? ಹಾಗಾದ್ರೆ ಅವನೇ ಹೊರಡೋ ಮುಂಚೆ ಯಾರ ಹತ್ತಿರವಾದ್ರೂ ಹೇಳಿರಬೇಕು. ಹೊರಡೋ ಮುಂಚೆ… ಹೌದು, ಹೊರಡೋ ಮುಂಚೆ ಕೋಣೆ ಇರಲಿಲ್ಲ. ಕೋಣೆ ಹುಡುಕೋಕೇ ಅವನು ಹೋಗಿದ್ದು. ಗೊತ್ತು, ನನಗೂ ಗೊತ್ತು, ತಲೆ ಆಡಿಸಬೇಡ. ಔಷಧಿ ಅಂಗಡಿಯವರು ಹೇಳಿರಬಹುದು. ಅವರಿಗೆ ಹೇಗೆ ಗೊತ್ತು ಅಂದ್ರೆ… ನನಗೇನು ಗೊತ್ತು, ಊರ ಬಾಯಿ! ನಲವತ್ತೊಂದು ವರ್ಷದ ಹಿಂದಿನ ಮಾತಿಗೆ ಸಾಕ್ಷಿ ಸಮೇತ ಲೆಕ್ಕ ಒಪ್ಪಿಸಬೇಕಾ ನಾನು?

ಏನಾದ್ರೂ ಅನ್ನು. ಹಾಗೆ ಕೂತಿರಬೇಡ.

ಗುಬ್ಬೀ, ನೋಡು, ಆ ಕಾಲದಲ್ಲಿ ಹೆಸರು ಹೇಳಿ ಬುಕ್ ಮಾಡೋ ಕಾಲ್ ಅಂತ ಇತ್ತು. ಇಂಥ ಜಾಗಕ್ಕೆ ಹಾಕಿ, ಇಂಥವರನ್ನೇ ಕರೀರಿ ಅಂತ. ಆ ಮನುಷ್ಯ ಅಲ್ಲಿಲ್ಲ ಅಂದ್ರೆ ಚೀಟಿ ಮೇಲೆ ಕೆಂಪು ಪೆನ್ಸಿಲಿನಲ್ಲಿ ‘ವ್ಯಕ್ತಿ ಲಭ್ಯವಿಲ್ಲ’ ಅಂತ ಬರೆದು ಪಕ್ಕಕ್ಕಿಡೋದು. ದಿನಕ್ಕೆ ಐವತ್ತು ಹಾಗಿರುತ್ತೆ. ಯಾರೂ ಮತ್ತೆ ತೆಗೆದು ನೋಡಲ್ಲ. ಅವತ್ತು ಹನ್ನೊಂದು ಗಂಟೆಗೆ ಮೂರನೇ ಬೋರ್ಡಿನ ಹುಡುಗಿ ಕೈಯೆತ್ತಿದ್ಲು. ಹೊಸಬಳು. ಚೀಟಿ ಮೇಲೆ ನಿನ್ನ ಹೆಸರು ನೋಡಿ, ‘ಮೇಡಂ, ಇದು ನಿಮ್ಮ ಮನೆ ಕೆಳಗಿನ ಅಂಗಡಿ ನಂಬರಲ್ವಾ?’ ಅಂತ ಸಂತೋಷಕ್ಕೆ ಕೇಳಿದ್ಲು. ನಾನು ‘ಏಳು, ನಾನು ನೋಡ್ತೀನಿ’ ಅಂದೆ. ಹೆಡ್‌ಸೆಟ್ ಹಾಕಿಕೊಂಡೆ. ಹಾಕಿಕೊಂಡಾಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಅಮ್ಮನಾಣೆ. ಪ್ಲಗ್ ಕೈಯಲ್ಲಿ ಹಿಡಿದಿದ್ದೆ. ಅಂಗಡಿಯ ಲೈನಿಗೆ ಹಾಕಬೇಕು ಅಷ್ಟೇ. ನೀನು ಕೆಳಗೆ ಬೆಂಚಿನ ಮೇಲೆ ಕೂತಿದ್ದೀಯ ಅಂತ ಗೊತ್ತು. ಒಂದು ಗಂಟೆ ಬಾರಿಸಿದ್ರೆ ಸಾಕು, ನೀನೇ ಎತ್ತುತ್ತೀಯ ಅಂತ ಗೊತ್ತು. ಕೈ ಮುಂದಕ್ಕೆ ಹೋಗಲಿಲ್ಲ. ಅಮ್ಮನನ್ನ ನಾನೊಬ್ಬಳೇ ಹೊರಳಿಸೋದು ಕಣ್ಣಿಗೆ ಬಂತು. ಅಮ್ಮ ಹೋದಮೇಲೆ ಆ ಮನೇಲಿ ನಾನೊಬ್ಬಳೇ ಕೂತಿರೋದು, ಅದೂ ಬಂತು.

ಅವನಿಗೆ ನನ್ನ ದನಿ ಗುರುತಾಗಲಿಲ್ಲ. ಅಪ್ಪನಿಗೇ ಆಗಲಿಲ್ಲ, ಅವನಿಗೆ ಎಲ್ಲಿ ಆಗಬೇಕು! ‘ವ್ಯಕ್ತಿ ಲಭ್ಯವಿಲ್ಲ’ ಅಂದೆ. ಒಂದು ಗಂಟೆಗೆ ಮತ್ತೆ ಬುಕ್ ಮಾಡಿದ. ಮೂರಕ್ಕೆ ಮತ್ತೆ. ಮೂರನೇ ಸಲ ಗೋಗರೆದ. ನಾಲ್ಕು ಹತ್ತರ ರೈಲು ಅಂತ ಹೇಳಿಬಿಡಿ ಮೇಡಂ, ಕೋಣೆ ಸಿಕ್ಕಿದೆ, ಕೆಳಗೆ ಹಗ್ಗದ ಅಂಗಡಿ, ಕಿಟಕಿಯಿಂದ ಹಡಗು ಕಾಣುತ್ತೆ, ಮೇಜು ಮಾಡಿಸಿದ್ದೀನಿ, ಅಷ್ಟು ಹೇಳಿ ಸಾಕು ಅಂತ. ‘ಸಂದೇಶ ತಲುಪಿಸುವುದು ನಿಯಮದಲ್ಲಿಲ್ಲ’ ಅಂದೆ. ನಿಯಮದಲ್ಲಿ ಇರಲಿಲ್ಲ ಗುಬ್ಬೀ! ಪುಸ್ತಕ ತೆಗೆದು ತೋರಿಸಬಲ್ಲೆ. ಅವನು ‘ಥ್ಯಾಂಕ್ಸ್ ಮೇಡಂ, ನಿಮಗೆ ತೊಂದರೆ ಕೊಟ್ಟೆ’ ಅಂದ. ನನಗೆ! ಥ್ಯಾಂಕ್ಸ್!

ಅಷ್ಟೇ. ಅದು ಮುಗಿದ ಕಥೆ. ಅವತ್ತಿನದು ಅವತ್ತಿಗೆ. ಇವತ್ತು ಅವನು ಉತ್ತರ ಕೊಡದೆ ಇರೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅವತ್ತು ಏನೇ ಆಗಿರಲಿ, ಇವತ್ತು ನೀನು ಬರೆದೆ, ಅವನು ಬರೀಲಿಲ್ಲ. ಅದು ಅವನ ಯೋಗ್ಯತೆ. ಅದಕ್ಕೆ ನನ್ನನ್ನ…

ಫೋನ್ ಯಾಕೆ ತೆಗೆದುಕೊಂಡೆ?

ಏನು ಹುಡುಕ್ತಾ ಇದ್ದೀಯ? ಬಂದಿದ್ರೆ ಅದೇ ಸದ್ದು ಮಾಡ್ತಿತ್ತು. ಇಡು ಕೆಳಗೆ. ಕಾಫಿ ಮಾಡ್ತೀನಿ, ಕುಡಿ. ನಾನೇ ಮಾಡ್ತೀನಿ ಇವತ್ತು… ಯಾಕೆ ಅಲ್ಲಿ ಒತ್ತುತ್ತೀಯ? ಅವನ ಹೆಸರಿನ ಮೇಲೆ ಒತ್ತಿದ್ರೆ ಏನು ಬರುತ್ತೆ, ಅವನ ಬೋಳುತಲೆ ಬರುತ್ತೆ. ಗುಬ್ಬೀ, ಸುಮ್ಮನೆ ಏನಾದ್ರೂ ಕೆಡಿಸಿಬಿಡ್ತೀಯ. ಅದು ಅಲ್ಲ… ಅದು ಗಂಟೆಯ ಸದ್ದು ಬದಲಾಯಿಸೋದು. ಅಲ್ಲಲ್ಲ, ಅಲ್ಲಿ ಇರಲ್ಲ ಅದು! ಹಿಂದಕ್ಕೆ ಹೋಗು. ಮೇಲೆ ಬಲಗಡೆ ಮೂರು ಚುಕ್ಕೆ, ಅದನ್ನ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಬೇಕು. ಅಲ್ಲಿ ಪ್ರೈವೆಸಿ ಅಂತ ಇದೆ ನೋಡು, ಅದರ ಒಳಗೆ ಕೆಳಗಡೆ, ಬ್ಲಾಕ್ ಆದವರ ಪಟ್ಟಿ…

…

ಅಂಗಡಿಯ ಹುಡುಗಿ ಹೇಳಿಕೊಟ್ಲು. ಮೂಲೆಯ ಮೊಬೈಲ್ ಅಂಗಡಿ. ಭಾನುವಾರ ಮಧ್ಯಾಹ್ನ, ನೀನು ಮಲಗಿದ್ದೆ. ಹಾಲು ತರ್ತೀನಿ ಅಂತ ಹೋದೆನಲ್ಲ, ಆಗ ಇದನ್ನೂ ಚೀಲಕ್ಕೆ ಹಾಕಿಕೊಂಡು ಹೋದೆ. ‘ಯಾರೋ ತೊಂದರೆ ಕೊಡ್ತಾ ಇದ್ದಾರಾ ಅಜ್ಜಿ?’ ಅಂತ ಕೇಳಿದ್ಲು. ಹೌದು ಅಂದೆ. ಎರಡು ಸಲ ಬೆರಳು ಆಡಿಸಿದ್ಲು, ಮುಗೀತು. ಪ್ಲಗ್ ಹಿಡಿದು ನಿಲ್ಲೋ ಕಷ್ಟ ಕೂಡ ಇಲ್ಲ ಈಗ. ಅವನಿಗೆ ಗೊತ್ತೂ ಆಗಲ್ಲವಂತೆ. ಅವನು ಬರೀತಾ ಇರಬಹುದಂತೆ, ಬರೀತಾನೇ ಇರಬಹುದು, ಅವನ ಕಡೆ ಎಲ್ಲ ಹಾಗೇ ಕಾಣುತ್ತಂತೆ.

ಇಷ್ಟು ವರ್ಷ ಯಾರು ನೋಡಿಕೊಂಡ್ರು ನಿನ್ನನ್ನ? ಹೇಳು. ನಿನ್ನ ಆಪರೇಷನ್ ಆದಾಗ ಹನ್ನೊಂದು ದಿನ ಆಸ್ಪತ್ರೆ ಕುರ್ಚಿಯಲ್ಲಿ ಕೂತಿದ್ದವಳು ಯಾರು? ನಿನ್ನ ಒಳ್ಳೆಯದಕ್ಕೇ ನಾನು… ಬೇಡ. ಆ ಮಾತು ಬೇಡ.

ಬೈಯಿ ಗುಬ್ಬೀ. ಆ ಬಟ್ಟಲು ತೆಗೆದು ಗೋಡೆಗೆ ಹೊಡಿ. ಆಕಾಶ ನೋಡೋ ಹಾಗೆ ಇಟ್ಟುಕೋ ಎಲ್ಲವನ್ನೂ, ನಾನು ಇನ್ನು ಒಂದು ಮಾತು ಆಡೋದಿಲ್ಲ. ಹೀಗೆ ಕೂರಬೇಡ ಮಾತ್ರ. ಅವತ್ತು ನೀರು ಕಾಯಿಸೋಕೆ ಹೋದಾಗಲೂ ಹೀಗೇ ಇದ್ದೆ…

ಅದೇನದು, ಟಿಕ್ ಟಿಕ್ ಅಂತ? ಬರೀತಾ ಇದ್ದೀಯಾ? ಅವನಿಗಾ? ಏನು ಬರೀತಾ ಇದ್ದೀಯ? ನನ್ನ ಹೆಸರು ಹಾಕ್ತೀಯಾ ಅದರಲ್ಲಿ? ಇಷ್ಟು ಬೇಗ ಬರೀತಾ ಇದ್ದೀಯ, ಶನಿವಾರ ಹೀಗೆ ಇರಲಿಲ್ಲ ನೀನು. ಈ ಕಡೆ ಸ್ವಲ್ಪ ತಿರುಗಿಸು, ಕಾಣಲ್ಲ ನನಗೆ… ಬೇಡ, ತಿರುಗಿಸಬೇಡ. ನೋಡಲ್ಲ. ನಾನು ನೋಡಲ್ಲ.

ಗುಬ್ಬೀ… ಮಾತಾಡ್ತಿದ್ದೀಯಾ?

…

ಮಾತಾಡ್ತಿದ್ದೀಯಾ?

…

ಇಲ್ಲ. ಮೂರನೇ ಸಲ ನಾನು ಕೇಳಲ್ಲ.